ತಿಥಿ ದಿನ ಬೀಗದ ಕೈ ಕೇಳಬೇಡಿ

(ಮಂಡ್ಯದಲ್ಲಿ ಹಿರಿಯರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಮಯ ಸಾಲದೆ ಅಲ್ಲಿ ಬಿಟ್ಟ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ವಿಷಯದ ಬಗ್ಗೆ ಮಾತಾಡಿ ಅಂತ ಕರೆದಾಗ ನಾನು ಒಂದು ದಿನ ಟೈಮ್ ಕೇಳಿದೆ. ಮಂಡ್ಯ ಕೋರ್ಟಿನಲ್ಲಿ ವಕೀಲಿಕೆ ಶುರು ಮಾಡಿ 24 ವರ್ಷ ಆಯ್ತು. ಪಾಲಿನ ದಾವೆ ಅಂದರೆ ಮಧ್ಯರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ಇದು ಅಣ್ಣ ತಮ್ಮಂದಿರ ಪಾಲಿನ ಜಗಳ ಅಲ್ಲ. ಅಪ್ಪ ತೀರಿಕೊಂಡ ಮೇಲೆ ಬೆಳೆದು ನಿಂತ ಮಕ್ಕಳಿಗೂ, ಅಪ್ಪನ ಜೊತೆ ಕೊನೆಯವರೆಗೂ ಬಾಳಿದ ಹೆಂಗಸಿಗೂ ನಡೆಯುವ ಜಗಳ. ಈ ಜಗಳದಲ್ಲಿ ನಾನೂ ಒಂದು ಕಡೆ ನಿಂತವಳು. ನಿಂತಿದ್ದು ತಪ್ಪು ಕಡೆ. ಅದನ್ನು ಹೇಳದೆ ಬರೀ ಕಾಯ್ದೆ ಹೇಳಿ ಹೋದರೆ ನಿಮಗೆ ಮೋಸ ಮಾಡಿದ ಹಾಗೆ ಆಗುತ್ತದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಮದ್ದೂರು ಕಡೆಯ ಒಂದು ಮನೆಯ ವಿಷಯ. ಊರು, ವಿವರ ಸ್ವಲ್ಪ ಬದಲಾಯಿಸಿದ್ದೇನೆ.

ಆ ಯಜಮಾನರಿಗೆ ಐವತ್ತರ ಹೊತ್ತಿಗೆ ಹೆಂಡತಿ ತೀರಿಕೊಂಡರು. ಇಬ್ಬರು ಗಂಡುಮಕ್ಕಳು, ಒಬ್ಬಳು ಹೆಣ್ಣುಮಗಳು. ಮೂವರಿಗೂ ಮದುವೆಯಾಗಿತ್ತು, ಇಬ್ಬರು ಬೆಂಗಳೂರು ಸೇರಿದ್ದರು. ಎರಡು ವರ್ಷ ಒಬ್ಬರೇ ಮುದ್ದೆ ತೊಳಸಿಕೊಂಡು ಇದ್ದರು. ಆಮೇಲೆ ಮಳವಳ್ಳಿ ಕಡೆಯಿಂದ ಒಬ್ಬ ವಿಧವೆಯನ್ನು ಕರೆತಂದರು. ದೇವಸ್ಥಾನದಲ್ಲಿ ತಾಳಿ ಕಟ್ಟಿ ಹತ್ತು ಜನಕ್ಕೆ ಊಟ ಹಾಕಿಸಿದರು. ಫೋಟೋ ಇಲ್ಲ, ನೋಂದಣಿ ಇಲ್ಲ. ಊರಲ್ಲಿ ಯಾರೂ ಕೇಳಲಿಲ್ಲ, ಅವರೂ ಯಾರಿಗೂ ಹೇಳಲಿಲ್ಲ. ಹಾಗೇ 18 ವರ್ಷ ಕಳೆಯಿತು. ಕೊನೆಯ ಮೂರು ವರ್ಷ ಅವರಿಗೆ ಲಕ್ವ ಹೊಡೆದು ಮಲಗಿದ್ದಲ್ಲೇ ಎಲ್ಲ. ಮಗ್ಗುಲು ಬದಲಾಯಿಸಿದ್ದು, ಬಟ್ಟೆ ಒಗೆದದ್ದು, ಗಂಜಿ ಕುಡಿಸಿದ್ದು ಎಲ್ಲ ಆಯಮ್ಮನೇ. ಮಕ್ಕಳು ಕೆಟ್ಟವರಲ್ಲ. ಹಬ್ಬಕ್ಕೆ ಬರುತ್ತಿದ್ದರು, ಆಸ್ಪತ್ರೆಯ ಖರ್ಚಿಗೆ ದುಡ್ಡು ಕಳಿಸುತ್ತಿದ್ದರು.

ಯಜಮಾನರು ಹೋದರು. ಮೂರನೇ ದಿನ ಹಾಲುತುಪ್ಪ ಬಿಟ್ಟರು. ಹನ್ನೊಂದನೇ ದಿನ ತಿಥಿ. ಕೊನೆಯ ಪಂಕ್ತಿ ಎದ್ದು, ಎಲೆ ತೆಗೆಯುತ್ತಿದ್ದ ಹೊತ್ತು. ದೊಡ್ಡ ಮಗ ನಡುಮನೆಗೆ ಬಂದು, "ಬೀರು ಬೀಗದ ಕೈ ಕೊಡಿ" ಅಂದ. ಆಯಮ್ಮ ಒಂದು ಮಾತೂ ಆಡಲಿಲ್ಲ. ಸೆರಗಿನ ಗಂಟು ಬಿಚ್ಚಿ, ಬೀಗದ ಕೈ ತೆಗೆದು, ಅವನ ಕೈಗೆ ಕೊಡದೆ ಹೊಸಿಲ ಮೇಲೆ ಇಟ್ಟು ಹಿತ್ತಲಿಗೆ ಹೋದರು.

ಅಲ್ಲಿಂದ ಏಳು ವರ್ಷ ಕೋರ್ಟು.

ಆ ಮಗ ಎಷ್ಟೋ ವರ್ಷ ಆದಮೇಲೆ ಕೋರ್ಟಿನ ವರಾಂಡದಲ್ಲಿ ನಿಂತು ನನ್ನ ಹತ್ತಿರ ಹೇಳಿದ: "ಮೇಡಂ, ನಾನು ಕೇಳಿದ್ದು ಆಸ್ಪತ್ರೆ ಬಿಲ್ಲು ಬೀರುವಿನಲ್ಲಿತ್ತು ಅಂತ. ಆಫೀಸಿಗೆ ಕೊಡಬೇಕಿತ್ತು." ನಾನು ನಂಬಿದೆ. ಆದರೆ ಆಯಮ್ಮನಿಗೆ ಕೇಳಿಸಿದ್ದು "ಹೊರಗೆ ನಡಿ" ಅಂತ. ಹನ್ನೊಂದು ದಿನದ ಹಿಂದೆ ತಾಳಿ ಕಳಕೊಂಡ ಹೆಂಗಸಿಗೆ, ಮನೆ ತುಂಬ ಗಂಡನ ಕಡೆಯವರೇ ಇರುವಾಗ, ತನ್ನವರು ಅಂತ ಒಬ್ಬರೂ ಇಲ್ಲದಿರುವಾಗ, ಬೀಗದ ಕೈ ಕೇಳಿದರೆ ಬೇರೆ ಏನು ಕೇಳಿಸುತ್ತೆ ಹೇಳಿ?

ಅದಕ್ಕೇ ಇವತ್ತು ನಾನು ಹೇಳಲು ಬಂದಿರುವ ಮಾತು ಒಂದೇ. ಈ ಜಗಳ ಹುಟ್ಟುವುದು ಆಸ್ತಿಯಿಂದ ಅಲ್ಲ. ಬದುಕಿದ್ದಾಗ ಅಪ್ಪ ಆಡದೆ ಬಿಟ್ಟ ಮಾತಿನಿಂದ. ಆ ಮಾತನ್ನು ಅವರು ಆಡಲಿಲ್ಲ, ಬರೆಯಲೂ ಇಲ್ಲ. ಹೋದಮೇಲೆ ಅದೇ ಮಾತನ್ನು ಮಕ್ಕಳು ಒಂದು ತರ, ಆ ಹೆಂಗಸು ಒಂದು ತರ ತುಂಬಿಕೊಳ್ಳುತ್ತಾರೆ.

ಕಾಯ್ದೆಗೆ ಬರೋಣ.

ನಮ್ಮ ಕಡೆ ಇಂಥ ಹೆಂಗಸಿಗೆ ಎಷ್ಟು ಹೆಸರು ನೋಡಿ. ಮಲತಾಯಿ, ಚಿಕ್ಕಮ್ಮ, ಚಿಕ್ಕವ್ವ, ಎರಡನೇ ಸಂಬಂಧ, ಕೂಡಿಕೆಯವಳು. ಜಗಳ ಜೋರಾದರೆ "ಇಟ್ಟುಕೊಂಡವಳು". ಜನ ಯಾವ ಹೆಸರಿಂದ ಕರೆದರೂ ಕೋರ್ಟು ಕೇಳುವುದು ಒಂದೇ ಪ್ರಶ್ನೆ: ಮದುವೆ ಆದಾಗ ಮೊದಲ ಹೆಂಡತಿ ಬದುಕಿದ್ದರಾ, ಇಲ್ಲವಾ?

ಮೊದಲ ಹೆಂಡತಿ ತೀರಿಕೊಂಡ ಮೇಲೆ ಅಥವಾ ಕಾನೂನಿನ ಪ್ರಕಾರ ವಿಚ್ಛೇದನ ಆದಮೇಲೆ ಶಾಸ್ತ್ರ ಸಂಪ್ರದಾಯದಂತೆ ಆದ ಮದುವೆಯಾದರೆ, ಆಕೆ ಪೂರ್ತಿ ಹೆಂಡತಿ. "ಎರಡನೇ" ಅನ್ನುವ ಪದಕ್ಕೆ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ. ನೋಂದಣಿ ಆಗಿಲ್ಲ ಅಂತ ಹಿಂದೂ ಮದುವೆ ಬಿದ್ದುಹೋಗುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಂ ಪ್ರಕಾರ, ವಿಲ್ ಬರೆಯದೆ ತೀರಿಕೊಂಡ ಗಂಡಸಿನ ಸ್ವಂತ ಸಂಪಾದನೆಯ ಆಸ್ತಿ ಮೊದಲು ಹೋಗುವುದು ಹೆಂಡತಿ, ಮಕ್ಕಳು, ತಾಯಿ ಇವರಿಗೆ. ಎಲ್ಲರಿಗೂ ಸಮ ಪಾಲು. ಗಂಡುಮಗ ಹೆಣ್ಣುಮಗಳು ಅಂತ ಭೇದ ಇಲ್ಲ.

ಲೆಕ್ಕ ಹಾಕಿ ನೋಡೋಣ. ಅಪ್ಪ ಸ್ವಂತ ದುಡ್ಡಲ್ಲಿ ಕೊಂಡ 2 ಎಕರೆ ಗದ್ದೆ, ಅಂದರೆ 80 ಗುಂಟೆ. ಅಜ್ಜಿ ಇಲ್ಲ. ಮೂವರು ಮಕ್ಕಳು, ಒಬ್ಬ ಹೆಂಡತಿ. ತಲಾ 20 ಗುಂಟೆ. ಅದೇ 80 ಗುಂಟೆ ಪಿತ್ರಾರ್ಜಿತ ಅಂತಾದರೆ ಲೆಕ್ಕ ಬೇರೆ. ಆಗ ಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಇದೆ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೂ ಆ ಹಕ್ಕು ಕೊಟ್ಟ ತಿದ್ದುಪಡಿ ಬಂತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಅಪ್ಪ ಸಾಯುವ ಮುಂಚೆ ಅಪ್ಪ ಮತ್ತು ಮೂವರು ಮಕ್ಕಳ ನಡುವೆ ಪಾಲಾಯ್ತು ಅಂತ ಇಟ್ಟುಕೊಂಡರೆ ಅಪ್ಪನ ಪಾಲಿಗೆ ಬರುವುದು 20 ಗುಂಟೆ. ಆ 20 ಗುಂಟೆಯಲ್ಲಿ ಹೆಂಡತಿಗೆ 5 ಗುಂಟೆ. ಹೆಂಡತಿಗೆ ಆ ಮೊದಲ ಪಾಲಿನಲ್ಲೂ ಭಾಗ ಬರಬೇಕು ಅನ್ನುವ ವಾದ ಇದೆ, ಅದನ್ನು ಇಲ್ಲಿ ಬಿಡುತ್ತೇನೆ. ನನ್ನ ಹತ್ತಿರ ಬರುವ ಜಗಳಗಳಲ್ಲಿ ಅರ್ಧಕ್ಕೂ ಹೆಚ್ಚು ನಿಂತಿರುವುದು ಸ್ವಂತದ್ದೋ ಪಿತ್ರಾರ್ಜಿತವೋ ಅನ್ನುವ ಮಾತಿನ ಮೇಲೆ. ಮಕ್ಕಳು "ಇದು ತಾತನಿಂದ ಬಂದದ್ದು" ಅಂತಾರೆ. ಆಯಮ್ಮ "ಇದು ಅವರು ಬೆವರು ಸುರಿಸಿ ಕೊಂಡದ್ದು" ಅಂತಾರೆ. 20 ಗುಂಟೆಯೋ 5 ಗುಂಟೆಯೋ ಅನ್ನುವುದು ಒಂದು ಹಳೇ ಕ್ರಯಪತ್ರದಲ್ಲಿ ಇರುತ್ತದೆ.

ಮೊದಲ ಹೆಂಡತಿ ಬದುಕಿರುವಾಗಲೇ, ವಿಚ್ಛೇದನ ಇಲ್ಲದೆ ಆದ ಮದುವೆಯಾದರೆ ಅದು ಮದುವೆಯೇ ಅಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಹಾಗೆ ಹೇಳುತ್ತದೆ. ಆ ಹೆಂಗಸಿಗೆ ಹೆಂಡತಿಯಾಗಿ ಪಾಲಿಲ್ಲ. ಆದರೆ ಆಕೆಯಲ್ಲಿ ಹುಟ್ಟಿದ ಮಕ್ಕಳಿಗೆ ಇದೆ. ಇದು ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣ, ರೇವಣಸಿದ್ದಪ್ಪ ಮತ್ತು ಮಲ್ಲಿಕಾರ್ಜುನ ಅವರದು. 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು, ಇಂಥ ಮಕ್ಕಳಿಗೆ ಅಪ್ಪನ ಸ್ವಂತ ಆಸ್ತಿಯಲ್ಲಿ ಮಾತ್ರವಲ್ಲ, ಕೂಡು ಕುಟುಂಬದ ಆಸ್ತಿಯಲ್ಲಿ ಅಪ್ಪನ ಪಾಲಿಗೆ ಬರುವುದರಲ್ಲೂ ಹಕ್ಕಿದೆ ಅಂತ ಹೇಳಿತು. ತಾಯಿಯ ಮದುವೆ ಸರಿಯಿಲ್ಲದ್ದಕ್ಕೆ ಮಕ್ಕಳನ್ನು ಶಿಕ್ಷಿಸಬಾರದು. ಇದು ನ್ಯಾಯವಾದ ಮಾತು ಅಂತ ನನ್ನ ಮನಸ್ಸಿಗೂ ಅನ್ನಿಸುತ್ತದೆ.

ಮುಸ್ಲಿಮರಲ್ಲಿ, ಕ್ರೈಸ್ತರಲ್ಲಿ ಲೆಕ್ಕ ಬೇರೆ. ಮಕ್ಕಳಿರುವ ಮುಸ್ಲಿಂ ಗಂಡಸು ತೀರಿಕೊಂಡರೆ ಹೆಂಡತಿಗೆ ಎಂಟನೇ ಒಂದು ಭಾಗ. ಕ್ರೈಸ್ತರಲ್ಲಿ ಮಕ್ಕಳಿದ್ದರೆ ಹೆಂಡತಿಗೆ ಮೂರನೇ ಒಂದು ಭಾಗ, ಉಳಿದ ಎರಡು ಭಾಗ ಮಕ್ಕಳಿಗೆ.

ಅಮ್ಮನ ಎರಡನೇ ಗಂಡನ ವಿಷಯ ಯಾರೂ ಮಾತಾಡುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹಿಂದೂ ಹೆಂಗಸು ವಿಲ್ ಬರೆಯದೆ ತೀರಿಕೊಂಡರೆ ಮಕ್ಕಳು, ಗಂಡ ಎಲ್ಲರಿಗೂ ಸಮ ಪಾಲು. ಆಕೆಯ ತವರಿನಿಂದ ಬಂದ ಸೈಟೇ ಆದರೂ, ಆಕೆಗೆ ಮಕ್ಕಳಿದ್ದರೆ, ಅದರಲ್ಲೂ ಗಂಡನಿಗೆ ಒಂದು ಪಾಲು ಇದೆ. ಮೈಸೂರಿನಲ್ಲಿ ಒಬ್ಬ ಮಗಳು ಇದನ್ನು ಕೇಳಿ ನನ್ನ ಮುಂದೆ ಎದ್ದು ನಿಂತುಬಿಟ್ಟಳು, "ಅದು ನನ್ನ ಅಜ್ಜಿ ಕೊಟ್ಟದ್ದು" ಅಂತ. ಅವಳ ಸಂಕಟ ನನಗೆ ಅರ್ಥವಾಯ್ತು. ಆದರೆ ಅವಳ ಅಮ್ಮ ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದ್ದರೆ ಸಾಕಿತ್ತು.

ಮಕ್ಕಳ ಒಂದು ಭಯ ಇದೆ. ಅದು ಸುಳ್ಳು ಭಯ ಅಂತ ತಳ್ಳಿಹಾಕಲು ನನಗೆ ಆಗುವುದಿಲ್ಲ. "ಇವರಿಗೆ ಪಾಲು ಕೊಟ್ಟರೆ ನಾಳೆ ಅದು ಇವರ ಅಣ್ಣನ ಮಕ್ಕಳಿಗೆ ಹೋಗುತ್ತೆ. ನಮ್ಮ ಅಪ್ಪನ ಗದ್ದೆ ಯಾರದೋ ಪಾಲಾಗುತ್ತೆ." ಇದಕ್ಕೆ ಕಾನೂನಿನ ಉತ್ತರ ಅರ್ಧ ಸಮಾಧಾನ ಕೊಡುತ್ತದೆ. ಮಕ್ಕಳಿಲ್ಲದ ಹೆಂಗಸಿಗೆ ಗಂಡನಿಂದ ಬಂದ ಆಸ್ತಿ, ಆಕೆ ವಿಲ್ ಬರೆಯದೆ ತೀರಿಕೊಂಡರೆ, ಗಂಡನ ವಾರಸುದಾರರಿಗೇ ವಾಪಸ್ ಬರುತ್ತದೆ. ಅಂದರೆ ಇದೇ ಮಕ್ಕಳಿಗೆ. ಆದರೆ ಬದುಕಿರುವಾಗ ಆಕೆ ಆ ಪಾಲಿಗೆ ಪೂರ್ತಿ ಒಡತಿ. ಮಾರಬಹುದು, ದಾನ ಮಾಡಬಹುದು, ಯಾರಿಗೆ ಬೇಕಾದರೂ ವಿಲ್ ಬರೆಯಬಹುದು. ಹಾಗಾದರೆ ಅದು ಎಲ್ಲಿಗೆ ಹೋಗುತ್ತದೆ ಅನ್ನುವುದು ನೀವು ಆಕೆಯನ್ನು ಹೇಗೆ ನಡೆಸಿಕೊಂಡಿರಿ ಅನ್ನುವುದರ ಮೇಲೆ ಅಲ್ವಾ? ತಿಂಗಳಿಗೊಮ್ಮೆ ಬಂದು ಒಂದು ಲೋಟ ಕಾಫಿ ಕುಡಿದು ಹೋಗುವ ಮಗನನ್ನು ಬಿಟ್ಟು ಅಣ್ಣನ ಮಗನಿಗೆ ಬರೆದುಕೊಟ್ಟವರನ್ನು ನಾನು ಇಷ್ಟು ವರ್ಷದಲ್ಲಿ ತೀರಾ ಕಡಿಮೆ ನೋಡಿದ್ದೇನೆ.

ಈಗ ನನ್ನ ಮನೆಯ ವಿಷಯ.

ನಮ್ಮ ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರು. ನನಗೆ ಹದಿನೈದು ವರ್ಷ ಆಗಿದ್ದಾಗ ಅಮ್ಮ ತೀರಿಕೊಂಡರು. ನಾಲ್ಕು ವರ್ಷದ ಮೇಲೆ ಅಪ್ಪ ಮದುವೆಯಾದರು. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳಕೊಂಡ ಹೆಂಗಸು. ನಾನು, ನನ್ನ ಅಣ್ಣ, ಇಬ್ಬರೂ ಅವರನ್ನು ಅಮ್ಮ ಅನ್ನಲಿಲ್ಲ. ಚಿಕ್ಕಮ್ಮ ಅಂತಲೂ ಅನ್ನಲಿಲ್ಲ. "ಅವರು" ಅಂತಿದ್ದೆವು. "ಅವರು ಊಟಕ್ಕೆ ಕರೀತಿದಾರೆ." ಅವರಿಗೆ ಮಕ್ಕಳಾಗಲಿಲ್ಲ.

2009ರಲ್ಲಿ ಅಪ್ಪ ಹೋದರು. ಸಂಬಳದಲ್ಲಿ ಉಳಿಸಿ ಕೊಂಡಿದ್ದ 1 ಎಕರೆ 20 ಗುಂಟೆ ಜಮೀನಿತ್ತು, ಒಂದು ಹೆಂಚಿನ ಮನೆ ಇತ್ತು. ಪೌತಿ ಖಾತೆಗೆ, ಅಂದರೆ ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ವಂಶವೃಕ್ಷ ಬೇಕು. ನಿಮಗೆಲ್ಲ ಗೊತ್ತು, ಸತ್ತವರ ಹೆಸರು ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಹೆಂಡತಿ ಮಕ್ಕಳ ಹೆಸರು ಬರೆದು, ಪ್ರಮಾಣಪತ್ರ ಕೊಟ್ಟು, ನಾಡಕಚೇರಿಯಿಂದ ಪಡೆಯುವ ಕಾಗದ. ಅಣ್ಣ ಬರೆಸಿ ತಂದ. ಅಪ್ಪನ ಹೆಸರು. ಪಕ್ಕದಲ್ಲಿ ನಮ್ಮ ಅಮ್ಮನ ಹೆಸರು, ಮುಂದೆ "ಮೃತ". ಕೆಳಗೆ ಅಣ್ಣ, ನಾನು. ಅಷ್ಟೇ. ಹದಿನೇಳು ವರ್ಷ ನಮಗೆ ಅನ್ನ ಬಡಿಸಿದವರ ಹೆಸರು ಆ ಕಾಗದದಲ್ಲಿ ಇರಲಿಲ್ಲ.

ನಾನು ಆಗಲೇ ವಕೀಲೆ. ಅದು ಸುಳ್ಳು ಪ್ರಮಾಣ, ಅಪರಾಧ ಅಂತ ಚೆನ್ನಾಗಿ ಗೊತ್ತಿತ್ತು. ಆದರೂ ಸಹಿ ಹಾಕಿದೆ. ಅಣ್ಣನ ಜೊತೆ ನಿಷ್ಠುರ ಯಾಕೆ, ಆಮೇಲೆ ಸರಿ ಮಾಡಿದರಾಯ್ತು ಅಂದುಕೊಂಡೆ. ಮನಸ್ಸಿನ ತಳದಲ್ಲಿ ಇನ್ನೊಂದು ಇತ್ತು. ಆ ಕಾಗದದಲ್ಲಿ ಅಮ್ಮನ ಹೆಸರೊಂದೇ ಇರುವುದು ನನಗೆ ಇಷ್ಟವಾಗಿತ್ತು. ಅದನ್ನು ಇವತ್ತು ನಿಮ್ಮ ಮುಂದೆ ಹೇಳಲು ಕಷ್ಟವಾಗುತ್ತಿದೆ.

ಎರಡು ತಿಂಗಳಾದ ಮೇಲೆ ಕುಟುಂಬ ಪಿಂಚಣಿ ಕೆಲಸಕ್ಕೆ ಅವರನ್ನು ನಾನೇ ಕರೆದುಕೊಂಡು ಹೋದೆ. ಅಪ್ಪನ ಪಿಂಚಣಿ ಕಾಗದದ ಕಟ್ಟು ಬಿಚ್ಚಿದಾಗ ಒಂದು ಫೋಟೋ ಬಿತ್ತು. ಜಂಟಿ ಫೋಟೋ. ಪಿಂಚಣಿಗೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ತೆಗೆಸಿ ಅಂಟಿಸುತ್ತಾರಲ್ಲ, ಅದರ ಇನ್ನೊಂದು ಪ್ರತಿ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಅವರು ಹಸಿರು ಅಂಚಿನ ಸೀರೆ ಉಟ್ಟು, ಸ್ವಲ್ಪ ಮುಂದಕ್ಕೆ ಬಾಗಿ, ಕಣ್ಣು ದೊಡ್ಡದು ಮಾಡಿಕೊಂಡು ಕ್ಯಾಮೆರಾ ನೋಡುತ್ತಿದ್ದರು. ಆ ಮನೆಯಲ್ಲಿ ಅವರಿಬ್ಬರೂ ಒಟ್ಟಿಗಿದ್ದ ಬೇರೆ ಫೋಟೋ ಇರಲಿಲ್ಲ. ಗೋಡೆಯ ಮೇಲೆ ಇದ್ದದ್ದು ಅಪ್ಪ ಅಮ್ಮನ ಫೋಟೋ. ಆ ಜಂಟಿ ಫೋಟೋದ ಹಿಂದುಗಡೆ ಅಪ್ಪನ ಕೈಬರಹದಲ್ಲಿ ಅವರ ಹೆಸರು, "ಪತ್ನಿ" ಅಂತ.

ಕೌಂಟರಿನ ಗುಮಾಸ್ತರು, "ವಂಶವೃಕ್ಷ ಇದ್ದರೆ ಕೊಡಿ" ಅಂದರು. ನನ್ನ ಬ್ಯಾಗಿನಲ್ಲೇ ಇತ್ತು. ನಾನು ಇಲ್ಲ ಅಂದೆ. ಪಕ್ಕದಲ್ಲಿ ಕೂತಿದ್ದ ಅವರು ಮೆಲ್ಲಗೆ ಅಂದರು: "ಅದರಲ್ಲಿ ನನ್ನ ಹೆಸರಿಲ್ಲ ಅಂತ ಶಾನುಭೋಗರು ಹೇಳಿದರು, ಬಿಡವ್ವ."

ಪಿಂಚಣಿಗೆ ಹೆಂಡತಿ. ಜಮೀನಿಗೆ ಯಾರೂ ಅಲ್ಲ. ಅಪ್ಪ ಪಿಂಚಣಿಗೆ ಬರೆದರು, ಯಾಕಂದರೆ ಅಲ್ಲಿ ಫಾರಂ ಕೇಳಿತು. ಜಮೀನಿನ ಬಗ್ಗೆ ಯಾವ ಫಾರಮ್ಮೂ ಕೇಳಲಿಲ್ಲ, ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಣ್ಣನನ್ನು ಒಪ್ಪಿಸಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಅವನು ನನ್ನ ಮನೆಗೆ ಬರಲಿಲ್ಲ. 2011ರಲ್ಲಿ ಮೂವರೂ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಪಾಲುಪಾರೀಕತ್ತು ಮಾಡಿಕೊಂಡೆವು. ತಲಾ 20 ಗುಂಟೆ. ಮನೆಯಲ್ಲಿ ಅವರು ಇರುವಷ್ಟು ದಿನ ಅವರನ್ನು ಯಾರೂ ಎಬ್ಬಿಸುವ ಹಾಗಿಲ್ಲ ಅಂತ ಬರೆಸಿದೆವು.

ವಂಶವೃಕ್ಷದಲ್ಲಿ ಹೆಸರು ಬಿಡುವುದು ಇವತ್ತೂ ನಡೆಯುತ್ತಿದೆ. ಬಿಡುವವರಿಗೆ ಒಂದು ಮಾತು. ಪೌತಿ ಖಾತೆ ಆದರೆ ಪಹಣಿಯಲ್ಲಿ ಹೆಸರು ಬರುತ್ತದೆ, ಅಷ್ಟೇ. ಖಾತೆ ಆದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ, ಬಿಟ್ಟವರ ಹಕ್ಕು ಸಾಯುವುದೂ ಇಲ್ಲ. ಹತ್ತು ವರ್ಷದ ಮೇಲೆ ಜಮೀನು ಮಾರಲು ಹೋದಾಗ, ಇಲ್ಲವೇ ರಸ್ತೆಗೆ ಜಮೀನು ಹೋಗಿ ಪರಿಹಾರ ಬಂದಾಗ ಅದು ಮತ್ತೆ ಏಳುತ್ತದೆ. ನಮ್ಮ ಬೆಂಗಳೂರು ಮೈಸೂರು ದಶಪಥ 2023ರ ಮಾರ್ಚಿನಲ್ಲಿ ಉದ್ಘಾಟನೆ ಆಯ್ತಲ್ಲ, ಅದಕ್ಕೆ ಜಮೀನು ಕೊಟ್ಟ ಮನೆಗಳಲ್ಲಿ ಎಷ್ಟು ಹಳೇ ವಂಶವೃಕ್ಷಗಳು ಹೊರಗೆ ಬಂದವು ಅಂತ ಈ ಜಿಲ್ಲೆಯ ವಕೀಲರನ್ನು ಕೇಳಿ. ನಾನು ಮೊದಲು ಹೇಳಿದ ಮದ್ದೂರಿನ ಮನೆಯದೂ ಅದೇ ಕಥೆ. ದುಡ್ಡು ಕೋರ್ಟಿನಲ್ಲಿ ಠೇವಣಿ ಕೂತಿತು, ಮಗಳ ಮಗನ ಕಾಲೇಜಿಗೆ ಬೇಕಾದಾಗ ಸಿಗಲಿಲ್ಲ. ಆಯಮ್ಮ ಪಡಿತರ ಚೀಟಿ, ಮತದಾರರ ಪಟ್ಟಿ, ಆಧಾರಿನಲ್ಲಿದ್ದ ಗಂಡನ ಹೆಸರು, ಆಸ್ಪತ್ರೆಯಲ್ಲಿ ಹಾಕಿದ ಸಹಿ, ತಾಳಿ ಕಟ್ಟಿದ ದಿನ ಊಟ ಮಾಡಿದ್ದ ಇಬ್ಬರು ಮುದುಕರು, ಇಷ್ಟನ್ನು ಇಟ್ಟುಕೊಂಡು ಮದುವೆ ಸಾಬೀತು ಮಾಡಬೇಕಾಯ್ತು. ಬಹಳ ಕಾಲ ಗಂಡ ಹೆಂಡತಿಯಂತೆ ಬಾಳಿದವರನ್ನು ಗಂಡ ಹೆಂಡತಿ ಅಂತಲೇ ಕೋರ್ಟು ಊಹಿಸಬಹುದು. ಐವತ್ತು ವರ್ಷ ಒಟ್ಟಿಗೆ ಬಾಳಿದ ಜೋಡಿಯ ಬಗ್ಗೆ ಸುಪ್ರೀಂ ಕೋರ್ಟು 1978ರಲ್ಲೇ ಹೀಗೆ ಹೇಳಿದೆ. ಇಬ್ಬರಲ್ಲಿ ಯಾರಿಗಾದರೂ ಆಗಲೇ ಬೇರೆ ಗಂಡನೋ ಹೆಂಡತಿಯೋ ಇದ್ದರೆ ಈ ಊಹೆ ನಿಲ್ಲುವುದಿಲ್ಲ.

ಮದುವೆಯೇ ಆಗದೆ ಜೊತೆಗಿದ್ದವರ ಕಷ್ಟ ಇನ್ನೂ ಜಾಸ್ತಿ. ಮೈಸೂರಿನಲ್ಲಿ ನಿವೃತ್ತರಾದ ಇಬ್ಬರು, ಅವರಿಗೂ ಮಕ್ಕಳು, ಇವರಿಗೂ ಮಕ್ಕಳು. ಈ ವಯಸ್ಸಿನಲ್ಲಿ ಮದುವೆ ಅಂದರೆ ಮಕ್ಕಳು ಏನಂತಾರೋ ಅಂತ ಹಾಗೇ ಒಂದೇ ಮನೆಯಲ್ಲಿ ಒಂಬತ್ತು ವರ್ಷ ಇದ್ದರು. ಬೆಳಿಗ್ಗೆ ಒಟ್ಟಿಗೆ ವಾಕಿಂಗ್, ಸಂಜೆ ಒಟ್ಟಿಗೆ ದೇವಸ್ಥಾನ. ಮನೆ ಆ ಯಜಮಾನರ ಹೆಸರಲ್ಲಿ, ಅವರ ಬ್ಯಾಂಕಿನ ಠೇವಣಿಗೆ ನಾಮಿನಿ ಈಯಮ್ಮ. ಅವರು ಹೋದ ಮೇಲೆ ಈಯಮ್ಮ ಧೈರ್ಯವಾಗಿದ್ದರು, ಠೇವಣಿಯಾದರೂ ನನ್ನದು ಅಂತ. ಅಲ್ಲ. ನಾಮಿನಿ ಅಂದರೆ ದುಡ್ಡು ಈಸಿಕೊಳ್ಳುವವರು, ಒಡೆಯರಲ್ಲ. ಬ್ಯಾಂಕು ದುಡ್ಡನ್ನು ನಾಮಿನಿಯ ಕೈಗೆ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ವಾರಸುದಾರರು ಕೇಳಿದರೆ ನಾಮಿನಿ ಅವರಿಗೆ ಕೊಡಬೇಕು. 1983ರಲ್ಲಿ ವಿಮೆಯ ಹಣದ ಬಗ್ಗೆ, 2023ರಲ್ಲಿ ಷೇರುಗಳ ಬಗ್ಗೆ ಸುಪ್ರೀಂ ಕೋರ್ಟು ಇದನ್ನೇ ಹೇಳಿದೆ. ವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿ ಆದಮೇಲೆ ಹೆಂಡತಿ, ಗಂಡ, ಮಕ್ಕಳು, ತಂದೆ ತಾಯಿ ನಾಮಿನಿ ಆಗಿದ್ದರೆ ಹಣ ಅವರದೇ ಆಗುತ್ತದೆ. ಜೊತೆಗಾತಿ ಆ ಪಟ್ಟಿಯಲ್ಲಿ ಇಲ್ಲ. ಅದಕ್ಕೇ ಇಂಥ ಜೋಡಿಗಳಿಗೆ ನಾನು ಕೈಮುಗಿದು ಹೇಳುತ್ತೇನೆ, ಮದುವೆ ನೋಂದಣಿ ಮಾಡಿಸಿ, ಆಗಲ್ಲ ಅಂದರೆ ವಿಲ್ ಬರೆಯಿರಿ. ನಿಮ್ಮ ಸ್ವಂತ ಆಸ್ತಿಯನ್ನು ನೀವು ಯಾರಿಗೆ ಬೇಕಾದರೂ ಕೊಡಬಹುದು, ಸಂಬಂಧ ಏನು ಅಂತ ಕಾನೂನು ಕೇಳುವುದಿಲ್ಲ.

ಪಿಂಚಣಿಯನ್ನು ಮಾತ್ರ ವಿಲ್ಲಿನಲ್ಲಿ ಬರೆಯಲು ಆಗುವುದಿಲ್ಲ. ಕುಟುಂಬ ಪಿಂಚಣಿ ಸತ್ತವರ ಆಸ್ತಿ ಅಲ್ಲ, ನಿಯಮದಲ್ಲಿ ಯಾರಿಗೆ ಅಂತಿದೆಯೋ ಅವರಿಗೇ ಹೋಗುತ್ತದೆ. 1991ರ ತೀರ್ಪು ಇದೆ.

ವಿಲ್ಲಿಗೆ ಛಾಪಾ ಕಾಗದ ಬೇಕಿಲ್ಲ. ಬಿಳಿ ಹಾಳೆ ಸಾಕು. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕೇಬೇಕು. ನೋಂದಣಿ ಕಡ್ಡಾಯ ಅಲ್ಲ, ಆದರೆ ಎರಡು ಸಂಸಾರದ ಮನೆಗಳಲ್ಲಿ ಮಾಡಿಸಿಬಿಡಿ. ಆಸ್ತಿ ಯಾರಿಗೆ ಬರೆಯುತ್ತೀರೋ ಅವರನ್ನು ಆ ದಿನ ಆಫೀಸಿಗೆ ಕರೆದುಕೊಂಡು ಹೋಗಬೇಡಿ. ಸಾಕ್ಷಿಯಾಗಿಯೂ ಹಾಕಬೇಡಿ. ಇಡೀ ದೇಶದಲ್ಲಿ ವಿಲ್ ಕೇಸಿನಲ್ಲೆಲ್ಲ ಹೇಳುವ ಒಂದು ತೀರ್ಪು ಇದೆ, 1958ರದು, ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಅವರ ಪ್ರಕರಣ. ನಮ್ಮ ಮೈಸೂರು ಹೈಕೋರ್ಟಿನಿಂದಲೇ ದೆಹಲಿಗೆ ಹೋದದ್ದು. ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದ ವಿಲ್ ಆದರೆ, ಆ ಅನುಮಾನವನ್ನು ಅವರೇ ಪರಿಹರಿಸಬೇಕು ಅಂತ ಅದರ ತಾತ್ಪರ್ಯ. ಆಸ್ಪತ್ರೆಯ ಹಾಸಿಗೆಯಲ್ಲಿ ಹೆಬ್ಬೆಟ್ಟು ಒತ್ತಿಸಿದ ಕಾಗದ ಹಿಡಿದು ಬರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅವರು ಮಕ್ಕಳಾಗಿರಲಿ, ಚಿಕ್ಕಮ್ಮ ಆಗಿರಲಿ.

ಒಂದು ಎಚ್ಚರಿಕೆ. "ಅವಳು ಇರುವವರೆಗೆ ಮನೆಯಲ್ಲಿ ಇರಲಿ, ಆಮೇಲೆ ಮಕ್ಕಳಿಗೆ" ಅಂತ ಬರೆಯುವುದು ಒಳ್ಳೆಯ ದಾರಿ, ನಾನೂ ಬರೆಸುತ್ತೇನೆ. ಆದರೆ ಹೆಂಡತಿಗೆ ಜೀವನಾಂಶದ ಬದಲಿಗೆ ಕೊಟ್ಟದ್ದು ಅಂತ ಆದರೆ ಅದು ಪೂರ್ತಿ ಅವಳ ಸ್ವತ್ತೇ ಆಗಬಹುದು. 1977ರ ತುಳಸಮ್ಮ ಪ್ರಕರಣದ ತೀರ್ಪು ಹಾಗಿದೆ. ಅದಕ್ಕೇ ಪಕ್ಕದ ಮನೆಯವರ ವಿಲ್ಲನ್ನು ನೋಡಿ ನಕಲು ಮಾಡಬೇಡಿ. ಆಕೆಯ ಊಟ ಬಟ್ಟೆ ಔಷಧಿಗೆ ಬೇರೆಯಾಗಿ ಏನಾದರೂ ಪೂರ್ತಿ ಕೊಟ್ಟು, ಮನೆಯ ವಿಷಯ ಬೇರೆ ಬರೆಯಿರಿ.

ಬರೆದಮೇಲೆ ಬೀರುವಿನಲ್ಲಿ ಮುಚ್ಚಿಡಬೇಡಿ. ಮಕ್ಕಳನ್ನೂ ಆಕೆಯನ್ನೂ ಒಟ್ಟಿಗೆ ಕೂರಿಸಿಕೊಂಡು ಹೇಳಿ. ಆ ದಿನ ಜಗಳ ಆಗುತ್ತದೆ. ಆಗಲಿ. ನೀವಿರುವಾಗ ಆಗುವ ಜಗಳ ರಾತ್ರಿ ಊಟದ ಹೊತ್ತಿಗೆ ತಣ್ಣಗಾಗುತ್ತದೆ.

ಆಗಲೇ ಯಜಮಾನರನ್ನು ಕಳಕೊಂಡ ತಾಯಂದಿರಿಗೆ ಇಷ್ಟು ಹೇಳುತ್ತೇನೆ. ದುಃಖದ ದಿನಗಳಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಹೆಬ್ಬೆಟ್ಟು ಒತ್ತಬೇಡಿ. ವಿಶೇಷವಾಗಿ ಹಕ್ಕು ಖುಲಾಸೆ ಪತ್ರಕ್ಕೆ, ಅಂದರೆ ನನ್ನ ಪಾಲು ಬಿಟ್ಟುಕೊಟ್ಟೆ ಅಂತ ಬರೆದುಕೊಡುವ ಕಾಗದಕ್ಕೆ. "ಸುಮ್ನೆ ಖಾತೆಗೆ ಬೇಕು" ಅಂತಾರೆ. ಓದಿಸಿ ಕೇಳಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಪ್ರಾಧಿಕಾರದ ಕಚೇರಿ ಜಿಲ್ಲಾ ಕೋರ್ಟಿನಲ್ಲೇ ಇದೆ, 15100ಕ್ಕೆ ಫೋನ್ ಮಾಡಬಹುದು. ಹೊಟ್ಟೆಪಾಡಿನ ಪ್ರಶ್ನೆ ಇದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ತಂದೆ ತಾಯಿ ಅನ್ನುವ ಮಾತಿಗೆ ಮಲತಂದೆ, ಮಲತಾಯಿಯೂ ಸೇರುತ್ತಾರೆ ಅಂತ ಬರೆದೇ ಇದೆ. ಉಪವಿಭಾಗಾಧಿಕಾರಿಗಳ ಹತ್ತಿರ ಅರ್ಜಿ ಹಾಕಿದರೆ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು.

ಸಭೆಯಲ್ಲಿ ಒಬ್ಬ ಹಿರಿಯರು ಎದ್ದು, "ಹೆಂಗಸರಿಗೆ ಇಷ್ಟೆಲ್ಲ ಹಕ್ಕು ಈಚೆಗೆ ಬಂದದ್ದರಿಂದಲೇ ಜಗಳ ಜಾಸ್ತಿ ಆಯ್ತು" ಅಂದರು. ಯಜಮಾನ್ರೇ, ಈಚೆಗೆ ಬಂದದ್ದಲ್ಲ. 1933ರಲ್ಲೇ ನಮ್ಮ ಮೈಸೂರು ಸಂಸ್ಥಾನ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಮಾಡಿ, ಪಾಲಾಗುವಾಗ ವಿಧವೆಗೂ ತಾಯಿಗೂ ಭಾಗ ಇದೆ ಅಂದಿತು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಕಡೆ ಅಂಥದ್ದು ಬರಲು ಇನ್ನೂ ನಾಲ್ಕು ವರ್ಷ ಬೇಕಾಯ್ತು. ನಿಮ್ಮ ಅಜ್ಜಿಯ ಕಾಲದ ಹಕ್ಕು ಇದು.

ಮಾತು ಮುಗಿಸಿ ಮೆಟ್ಟಿಲು ಇಳಿಯುವಾಗ ಒಬ್ಬ ಹೆಂಗಸು ತಡೆದರು. ಅರವತ್ತು ದಾಟಿರಬೇಕು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಕಾಗದ. ಜೊತೆಗೆ ಒಬ್ಬ ಹುಡುಗ ಇದ್ದ, ಇಪ್ಪತ್ತೆಂಟು ಮೂವತ್ತು ವಯಸ್ಸು. ಮಗನಾ ಅಂತ ಕೇಳಿದೆ. ಆಯಮ್ಮ ಅವನ ಮುಖ ನೋಡಿದರು. ಅವನು, "ಅಪ್ಪನ ಮೊದಲನೇ ಹೆಂಡತಿ ಮಗ ಮೇಡಂ" ಅಂದ. ಆಮೇಲೆ ಚೀಲದಿಂದ ಒಂದು ಕಾಗದ ತೆಗೆದು, ಬೆರಳಿಟ್ಟು ತೋರಿಸಿ, "ವಂಶವೃಕ್ಷಕ್ಕೆ ಬರೆದಿದ್ದೀನಿ. ಇವರ ಹೆಸರನ್ನು ಇಲ್ಲಿ ಅಮ್ಮನ ಹೆಸರಿನ ಪಕ್ಕದಲ್ಲಿ ಬರೆಯಬೇಕಾ, ಕೆಳಗೆ ಬರೆಯಬೇಕಾ?" ಅಂತ ಕೇಳಿದ.

ಪಕ್ಕದಲ್ಲಿ ಬರಿ ಅಂದೆ.